ಪಾಠ ಹೇಳುತ್ತಿದ್ದಾಕೆ ನಗರಸಭೆಗೆ ನಿಂತಾಗ

ಚುನಾವಣೆ ಬಂತೆಂದರೆ ಮನೆ ಮನೆಗೂ ಕರಪತ್ರಗಳು ಬರುತ್ತವೆ. ದೊಡ್ಡವರು ಓದದೆ ಮಡಚಿಡುತ್ತಾರೆ. ಮಕ್ಕಳು ದೋಣಿ ಮಾಡಿ ಬಿಡುತ್ತಾರೆ. ಆದರೆ ಅಭ್ಯರ್ಥಿಯ ಮಾತನ್ನೂ ಪ್ರಯೋಗಶಾಲೆಯ ವಸ್ತುವಿನಂತೆ ಪರೀಕ್ಷಿಸಿ ನೋಡಬಹುದು. ಅಮೆರಿಕದ ಸಿಯಾಟಲ್ ನಗರಸಭೆಗೆ 2013ರಲ್ಲಿ ನಡೆದ ಚುನಾವಣೆ ಇದಕ್ಕೊಂದು ಒಳ್ಳೆಯ ಉದಾಹರಣೆ.

ಅಭ್ಯರ್ಥಿಯ ಹೆಸರು ಕ್ಷಮಾ ಸಾವಂತ್. 1973ರಲ್ಲಿ ಪುಣೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು. ತಂದೆ ಎಂಜಿನಿಯರ್, ತಾಯಿ ಶಿಕ್ಷಕಿ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ, ಅಮೆರಿಕದಲ್ಲಿ ಕೆಲಕಾಲ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರು. ಅಂಥ ಸಿರಿವಂತ ದೇಶದಲ್ಲೂ ಬಡತನವೇಕೆ ಎಂಬ ಪ್ರಶ್ನೆ ಅವರನ್ನು ಅರ್ಥಶಾಸ್ತ್ರಕ್ಕೆ ಎಳೆಯಿತು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು ಸಿಯಾಟಲ್‌ನಲ್ಲಿ ಕಾಲೇಜು ಅಧ್ಯಾಪಕಿಯಾದರು. 2012ರಲ್ಲಿ ರಾಜ್ಯ ಶಾಸನಸಭೆಗೆ ನಿಂತು ಸೋತರು. ಮರುವರ್ಷವೇ ನಗರಸಭೆಗೆ ಸ್ಪರ್ಧೆ. ಎದುರಾಳಿ 16 ವರ್ಷ ಸದಸ್ಯರಾಗಿದ್ದ ರಿಚರ್ಡ್ ಕಾನ್ಲಿನ್.

ಸಮಾಜವಾದಿ ಪಕ್ಷವೊಂದರ ಸಾವಂತ್ ಮುಖ್ಯವಾಗಿ ಮೂರು ಭರವಸೆ ಇತ್ತರು: ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ, ಮನೆ ಬಾಡಿಗೆಗೆ ನಿಯಂತ್ರಣ, ಕೋಟ್ಯಧಿಪತಿಗಳ ಮೇಲೆ ತೆರಿಗೆ. ಅಲ್ಲಿ ಮತದಾನ ಅಂಚೆಯ ಮೂಲಕ. ಎಣಿಕೆ ದಿನಗಟ್ಟಲೆ ನಡೆಯುತ್ತದೆ. ಮೊದಲ ರಾತ್ರಿ ಹಿಂದಿದ್ದ ಅವರು ಕೊನೆಗೆ ಸುಮಾರು 3 ಸಾವಿರ ಮತಗಳಿಂದ ಗೆದ್ದರು.

ಭರವಸೆಗಳು ಏನಾದವು? ಮೊದಲನೆಯದು ಬೇಗ ಫಲಿಸಿತು. 2014ರ ಜೂನ್ 2ರಂದು ನಗರಸಭೆ 15 ಡಾಲರ್ ಕೂಲಿಗೆ ಒಮ್ಮತದ ಒಪ್ಪಿಗೆ ನೀಡಿತು. ಆದರೆ ಅದು ಹಂತ ಹಂತವಾಗಿ ಬರಬೇಕಿತ್ತು. ಸಾವಂತ್‌ಗೆ ಈ ವಿಳಂಬ ಹಿಡಿಸಲಿಲ್ಲ. ಕರಡು ತಯಾರಿಸಿದ್ದು ಮೇಯರ್ ನೇಮಿಸಿದ್ದ ಸಮಿತಿ. ಆದ್ದರಿಂದ ಕೀರ್ತಿ ಒಬ್ಬರದೇ ಅಲ್ಲ.

ಪರಿಣಾಮವೇನು? 2017ರಲ್ಲಿ ಎರಡು ಅಧ್ಯಯನಗಳು ಬಂದವು. ಕಡಿಮೆ ಕೂಲಿಯವರ ಕೆಲಸದ ಗಂಟೆಗಳು ಇಳಿದವು ಎಂದಿತು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ. ಹೋಟೆಲುಗಳಲ್ಲಿ ಕೂಲಿ ಏರಿತು, ಉದ್ಯೋಗ ಕಡಿಮೆಯಾಗಲಿಲ್ಲ ಎಂದಿತು ಬರ್ಕ್‌ಲಿಯ ತಂಡ. ಒಂದು ತಂಡ ಅಳೆದದ್ದು ಹಲವು ಬಗೆಯ ಉದ್ಯಮಗಳನ್ನು, ಇನ್ನೊಂದು ಹೋಟೆಲುಗಳನ್ನು ಮಾತ್ರ. ಏನನ್ನು, ಹೇಗೆ ಅಳೆಯುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸತೇನಲ್ಲ.

ಎರಡನೆಯ ಭರವಸೆ ಗೋಡೆಗೆ ಬಡಿಯಿತು. 1981ರ ರಾಜ್ಯ ಕಾನೂನು ಬಾಡಿಗೆ ನಿಯಂತ್ರಿಸುವ ಅಧಿಕಾರವನ್ನು ನಗರಗಳಿಗೆ ಬಿಟ್ಟಿರಲಿಲ್ಲ. ಮೂರನೆಯದರ ದಾರಿಯಲ್ಲಿ 2017ರಲ್ಲಿ ಹೆಚ್ಚು ಆದಾಯದವರ ಮೇಲೆ ನಗರಸಭೆ ತೆರಿಗೆ ಹಾಕಿತು. ನ್ಯಾಯಾಲಯದಲ್ಲಿ ಅದು ನಿಲ್ಲಲಿಲ್ಲ. ಇತ್ತ ಪ್ರಣಾಳಿಕೆಯ ಆ ಮೂರರಲ್ಲಿ ಇಲ್ಲದ್ದೊಂದು ನಡೆಯಿತು. ಸಾವಂತ್ ಮಂಡಿಸಿದ ಮಸೂದೆಯಿಂದ 2023ರ ಫೆಬ್ರುವರಿಯಲ್ಲಿ ಸಿಯಾಟಲ್, ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ಅದೇ ವರ್ಷದ ಕೊನೆಗೆ ಅವರ ಸದಸ್ಯತ್ವ ಮುಗಿಯಿತು.

ಅವರ ರಾಜಕೀಯವನ್ನು ಮೆಚ್ಚುವವರಿದ್ದಾರೆ, ಕಟುವಾಗಿ ಟೀಕಿಸುವವರೂ ಇದ್ದಾರೆ. ನಮಗೆ ಬೇಕಾದದ್ದು ಪರೀಕ್ಷೆಯ ವಿಧಾನ. ಮುಂದಿನ ಸಲ ಕರಪತ್ರ ಬಂದಾಗ ತಂದೆ ತಾಯಿ, ಮಕ್ಕಳು ಒಟ್ಟಿಗೆ ಕುಳಿತು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಅಭ್ಯರ್ಥಿ ಈವರೆಗೆ ಮಾಡಿದ್ದೇನು? ಕೊಟ್ಟ ಭರವಸೆ ನಗರಸಭೆಯ ಅಧಿಕಾರದಲ್ಲಿದೆಯೇ? ಈಡೇರಿತೆಂದು ಯಾವ ಅಳತೆಯಿಂದ ತಿಳಿಯುತ್ತದೆ? ಆ ಹಾಳೆಯನ್ನು ಐದು ವರ್ಷ ಜೋಪಾನವಾಗಿಡಿ. ಈಗ ಎಂಟನೆಯ ತರಗತಿಯಲ್ಲಿರುವ ಹುಡುಗಿ ಆ ಹೊತ್ತಿಗೆ ಮತದಾರಳಾಗಿರುತ್ತಾಳೆ.