ಬಿಲ್ಲು ಉಳಿಯದ ನಾಡಿನಲ್ಲಿ ಬೇಟೆಯ ಚರಿತ್ರೆ

ಬೇಟೆಯು ಮಾನವನ ಅತ್ಯಂತ ಪ್ರಾಚೀನ ಉದ್ಯೋಗಗಳಲ್ಲಿ ಒಂದು. ಆದರೂ ನಮ್ಮ ಚರಿತ್ರೆಯ ಪಠ್ಯಗ್ರಂಥಗಳಲ್ಲಿ ಅದಕ್ಕೆ ದೊರೆತಿರುವ ಸ್ಥಾನ ಅರಸರ ವಿನೋದಗಳನ್ನು ಎಣಿಸುವ ಒಂದೆರಡು ವಾಕ್ಯಗಳಷ್ಟೇ. ಆಧಾರಗಳ ಅಭಾವವೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಅಭಾವ ಎಷ್ಟರಮಟ್ಟಿಗೆ ನಿಜ, ಕರಾವಳಿ ಮತ್ತು ಮಲೆನಾಡುಗಳ ಬಿಲ್ಲುಬೇಟೆಯನ್ನು ಅರಿಯಲು ಯಾವ ಬಗೆಯ ಆಧಾರಗಳು ನಮಗೆ ಉಳಿದಿವೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಆಧಾರಗಳು ಹೇರಳವಾಗಿರುವ ಒಂದು ದೂರದ ಪ್ರದೇಶವನ್ನು ಮೊದಲು ನೋಡುವುದು ಉಪಯುಕ್ತವಾಗಿದೆ. ಕೆನಡಾ ದೇಶದ ವಾಯವ್ಯ ಮೂಲೆಯ ಯೂಕಾನ್ ಪರ್ವತಗಳಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗಗಳಿವೆ. ಬೇಸಗೆಯಲ್ಲಿ ಸೆಕೆಯಿಂದಲೂ ನೊಣಗಳ ಕಾಟದಿಂದಲೂ ತಪ್ಪಿಸಿಕೊಳ್ಳಲು ಇವು ಎತ್ತರದಲ್ಲಿ ಕರಗದೆ ಉಳಿದ ಹಿಮದ ಹಾಸುಗಳ ಮೇಲೆ ಗುಂಪುಗೂಡುತ್ತವೆ. ಇದನ್ನರಿತ ಬೇಟೆಗಾರರು ಸಾವಿರಾರು ವರ್ಷಗಳ ಕಾಲ ಅಲ್ಲಿಗೇ ಹೋಗಿ ಬೇಟೆಯಾಡಿದರು. ಗುರಿತಪ್ಪಿದ ಆಯುಧಗಳು ಹಿಮದಲ್ಲಿ ಹೂತುಹೋದವು. 1997ರಿಂದ ಈಚೆಗೆ ಹಿಮವು ಕರಗಿದಂತೆಲ್ಲ ಅವು ಹೊರಬರುತ್ತಿವೆ. ಕೆಲವಕ್ಕೆ ಗರಿಯೂ ನರದ ಕಟ್ಟೂ ಇನ್ನೂ ಅಂಟಿಕೊಂಡಿವೆ. ಕೋಲಿನಿಂದ ಚಿಮ್ಮಿ ಎಸೆಯುವ ಈಟಿಗಳು ಸುಮಾರು 1200 ವರ್ಷಗಳ ಹಿಂದೆ ಮರೆಯಾಗಿ ಬಿಲ್ಲುಬಾಣಗಳು ಅವುಗಳ ಸ್ಥಾನಕ್ಕೆ ಬಂದುದನ್ನು ವಿದ್ವಾಂಸರು ಈ ವಸ್ತುಗಳಿಂದಲೇ ನಿರ್ಣಯಿಸಿದ್ದಾರೆ. ಅದರಂತೆ ನಾರ್ವೆಯ ಲಾಂಗ್‌ಫೊನ್ನೆ ಎಂಬ ಹಿಮದ ಹಾಸಿನಲ್ಲಿ 68 ಬಾಣಗಳು ದೊರೆತಿದ್ದು, ಅತ್ಯಂತ ಹಳೆಯವು ಸುಮಾರು 6000 ವರ್ಷಗಳಷ್ಟು ಹಿಂದಿನವು.

ನಮ್ಮ ನಾಡಿನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಮುರಕಲ್ಲಿನ ಆಮ್ಲಗುಣದ ಮಣ್ಣಿನಲ್ಲಿ ಮರ, ಬಿದಿರು, ನಾರು, ಎಲುಬು ಇವಾವುವೂ ಬಹುಕಾಲ ಬಾಳಲಾರವು. ಘಟ್ಟದ ಬೇಟೆಗಾರನ ಬಿಲ್ಲು ಅವನೊಂದಿಗೇ ಮಣ್ಣಾಯಿತು. ಹೀಗಿರುವುದರಿಂದ ಆಯುಧವನ್ನು ಬಿಟ್ಟು ಕಲ್ಲು, ಗ್ರಂಥ, ಮಾತು, ಆಚರಣೆ ಇವುಗಳಲ್ಲಿ ನಾವು ಬೇಟೆಯನ್ನು ಹುಡುಕಬೇಕಾಗುತ್ತದೆ.

ಕಲ್ಲಿನ ಆಧಾರಗಳಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಪ್ರಸಿದ್ಧವಾದುದು. ಇದರ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ತನ್ನ ಒಡೆಯನಾದ ಗಂಗ ಬೂತುಗನಿಂದ ಕಾಳಿ ಎಂಬ ನಾಯಿಯನ್ನೇ ಮೆಚ್ಚುಗೆಯಾಗಿ ಬೇಡಿ ಪಡೆದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ಈ ಶಾಸನದಲ್ಲಿ ಬಿಲ್ಲಿನ ಮಾತಿಲ್ಲ. ಆದರೂ ಬಿಲ್ಲುಬೇಟೆಯನ್ನು ಅರಿಯಲು ಅದು ನೆರವಾಗುತ್ತದೆ. ಬಾಣವು ತಾಗಿದ ಮೃಗ ಸಾಮಾನ್ಯವಾಗಿ ನಿಂತಲ್ಲಿಯೇ ಬೀಳುವುದಿಲ್ಲ. ನೆತ್ತರು ಸೋರುತ್ತ ದೂರ ಓಡುತ್ತದೆ. ದಟ್ಟವಾದ ಕಾಡಿನಲ್ಲಿ ಅದರ ಜಾಡು ಹಿಡಿಯಲು ನಾಯಿ ಬೇಕು, ಅಡ್ಡಗಟ್ಟಲು ಜನ ಬೇಕು. ಯೋಧನೊಬ್ಬನು ತನ್ನ ಪರಾಕ್ರಮಕ್ಕೆ ಪ್ರತಿಫಲವಾಗಿ ನಾಯಿಯನ್ನು ಕೇಳಿದನೆಂಬುದರಿಂದ ಅಂದಿನ ಬೇಟೆಯಲ್ಲಿ ಅದಕ್ಕಿದ್ದ ಬೆಲೆ ತಿಳಿದುಬರುತ್ತದೆ.

ಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಮುಖ್ಯವಾದುದು. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಕೃತಿಯಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಆದರೆ ಇವೆರಡೂ ಅರಮನೆಯ ದೃಷ್ಟಿಯಿಂದ ಕಂಡ ಬೇಟೆಯ ಚಿತ್ರಗಳು. ಬೆಳೆಯನ್ನು ಹಂದಿಯಿಂದ ಉಳಿಸಿಕೊಳ್ಳಲು ಬಿಲ್ಲೆತ್ತಿದ ಒಕ್ಕಲಿನವನು ಇವುಗಳಲ್ಲಿ ಕಾಣಿಸುವುದಿಲ್ಲ.

ಆತನನ್ನು ಕಾಣಲು ನಾವು ಆಚರಣೆಗಳ ಕಡೆಗೆ ತಿರುಗಬೇಕು. 1870ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕೊಡಗಿನ ಕೈಪಿಡಿಯಲ್ಲಿ ಪಾದ್ರಿ ರಿಕ್ಟರ್ ಅವರು ಕೊಡವರ ಒಂದು ಪದ್ಧತಿಯನ್ನು ದಾಖಲಿಸಿದ್ದಾರೆ. ಗಂಡುಮಗು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನೂ ಅದೇ ಗಿಡದ ಎಲೆಯ ತೊಟ್ಟಿನ ಬಾಣವನ್ನೂ ಅದರ ಕೈಗೆ ಕೊಡುತ್ತಿದ್ದರು. ಅದೇ ಹೊತ್ತಿಗೆ ಅಂಗಳದಲ್ಲಿ ಕೋವಿಯ ಗುಂಡು ಹಾರಿಸುತ್ತಿದ್ದರು. ಕೆಲಸಕ್ಕೆ ಕೋವಿ ಬಂದ ಮೇಲೆಯೂ ಸಂಸ್ಕಾರದಲ್ಲಿ ಬಿಲ್ಲು ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಹಿಮದಲ್ಲಿ ಎರಡು ಕಾಲದ ಆಯುಧಗಳು ಉಳಿದಂತೆಯೇ ಇಲ್ಲಿ ಒಂದೇ ಆಚರಣೆಯಲ್ಲಿ ಎರಡು ಕಾಲಗಳು ಉಳಿದಿವೆ.

ಇದಕ್ಕಿಂತಲೂ ಮುಖ್ಯವಾದುದು ಬೇಟೆಯ ಕಾಲನಿಯಮ. ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತವು ಬತ್ತದ ನಾಟಿ ಮುಗಿದ ಬಳಿಕ, ಸೆಪ್ಟೆಂಬರ್ ಮೊದಲಲ್ಲಿ ಬರುತ್ತದೆ; ಹಿಂದೆ ಬೇಟೆಗೆ ಹೊರಡುತ್ತಿದ್ದುದು ಆ ಪೂಜೆಯ ಅನಂತರ. ತುಳುನಾಡಿನಲ್ಲಿ ಮಕರಮಾಸದ ಕೊನೆಗೆ ಬರುವ ಕೆಡ್ಡಸದ ಮೂರು ದಿನಗಳಲ್ಲಿ ಭೂಮಿತಾಯಿ ಋತುಮತಿಯಾಗಿರುತ್ತಾಳೆಂಬ ನಂಬಿಕೆಯಿಂದ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಹಿಂದೆ ಊರವರು ಒಟ್ಟುಗೂಡಿ 'ಬೋಂಟೆ'ಗೆ, ಎಂದರೆ ಬೇಟೆಗೆ, ಹೋಗುತ್ತಿದ್ದುದು ಈ ದಿನಗಳಲ್ಲಿಯೇ. ಯೂಕಾನಿನಲ್ಲಿ ಬೇಟೆಯ ಕಾಲವನ್ನು ನಿರ್ಣಯಿಸಿದುದು ಮೃಗದ ಸಂಚಾರ. ನಮ್ಮಲ್ಲಿ ನಿರ್ಣಯಿಸಿದುದು ನೇಗಿಲು. ಇದರಿಂದ ನಮ್ಮ ಬೇಟೆಗಾರನು ಬೇಸಾಯಗಾರನಿಂದ ಬೇರೆಯಾದ ಕಾಡಾಡಿಯಾಗಿರಲಿಲ್ಲ, ಬಹುಮಟ್ಟಿಗೆ ಇಬ್ಬರೂ ಒಬ್ಬನೇ ಎಂದು ನಾವು ಭಾವಿಸುತ್ತೇವೆ. ಅವನ ಬಾಣ ಉಳಿಯಲಿಲ್ಲ. ಅವನ ಪಂಚಾಂಗ ಉಳಿದಿದೆ.

ಮಾತಿನ ಆಧಾರಗಳನ್ನು ಬಳಸುವಾಗ ಮಾತ್ರ ಎಚ್ಚರಿಕೆ ಬೇಕು. ಹಳಗನ್ನಡದ 'ಬೇಂಟೆ', ತುಳುವಿನ 'ಬೋಂಟೆ', ತಮಿಳಿನ 'ವೇಟ್ಟೈ' ಇವು ಒಂದೇ ಮೂಲದವಾಗಿದ್ದು ಈ ಉದ್ಯೋಗದ ಪ್ರಾಚೀನತೆಯನ್ನು ಸೂಚಿಸುತ್ತವೆ. ಆದರೆ 'ಬಿಲ್ಲವ' ಎಂಬ ಜನನಾಮವನ್ನು ಬಿಲ್ಲಿನೊಡನೆ ಜೋಡಿಸಿ ಒಂದು ಸಮುದಾಯದ ಪೂರ್ವೋದ್ಯೋಗವನ್ನೇ ಹೇಳಿಬಿಡುವ ವಾಡಿಕೆಯುಂಟು. ಹೆಸರು ಪರಿಶೀಲನೆಗೆ ಪ್ರಚೋದನೆಯಾಗಬಹುದು, ಅದೊಂದೇ ಪ್ರಮಾಣವಾಗಲಾರದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಗಳ ತರುವಾಯ ಕಾಡುಮೃಗಗಳ ಬೇಟೆಗೆ ಕಾನೂನಿನಲ್ಲಿ ಎಡೆಯಿಲ್ಲ. ಇದು ಯುಕ್ತವಾದ ಕ್ರಮವೇ ಸರಿ. ಆದರೆ ಕೆಲಸ ನಿಂತಾಗ ಅದರ ಮಾತುಗಳೂ ನಿಲ್ಲುತ್ತವೆ. ಜಾಡಿನ ಹೆಸರುಗಳು, ನಾಯಿಯನ್ನು ಕರೆಯುವ ಕೂಗು, ಮಾಂಸವನ್ನು ಪಾಲು ಹಾಕುತ್ತಿದ್ದ ಕ್ರಮ ಇವೆಲ್ಲ ಈಗ ವೃದ್ಧರ ನೆನಪಿನಲ್ಲಿ ಮಾತ್ರ ಇವೆ. ಹಿಮದಿಂದ ಹೊರಬಿದ್ದ ಬಾಣವನ್ನು ಬೇಗನೆ ಎತ್ತಿಕೊಳ್ಳದಿದ್ದರೆ ಅದು ಬಿಸಿಲುಗಾಳಿಗೆ ಕೊಳೆತುಹೋಗುತ್ತದೆ. ಆದಕಾರಣ ಅಲ್ಲಿನ ವಿದ್ವಾಂಸರು ಪ್ರತಿ ಬೇಸಗೆಯಲ್ಲಿಯೂ ಬೆಟ್ಟಗಳನ್ನು ಹತ್ತಿ ಹುಡುಕುತ್ತಾರೆ. ನಮ್ಮ ವಿದ್ಯಾರ್ಥಿಗಳಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ರಜೆಯಲ್ಲಿ ತಮ್ಮ ತಮ್ಮ ಊರುಗಳಿಗೆ ಹೋದಾಗ ಹಿರಿಯರನ್ನು ಕೇಳಿ, ಅವರು ಹೇಳಿದ ಪದವನ್ನು ಹೇಳಿದ ಹಾಗೆಯೇ, ಊರು ಮತ್ತು ದಿನಾಂಕಗಳೊಡನೆ ಬರೆದಿಟ್ಟುಕೊಂಡರೆ ಸಾಕು. ಈ ವಿಷಯದಲ್ಲಿ ಮುಂದಿನ ಸಂಶೋಧನೆಗೆ ಅದೇ ಮೊದಲ ಸಾಮಗ್ರಿಯಾಗುವುದು.