ಗಡ್ಡೆಗೆ ಹೆಸರು ಸಿಗುವವರೆಗೆ

ನಲವತ್ತೆರಡು ವರ್ಷದ ನನ್ನ ಅಕ್ಕನಿಗೆ ಮೂತ್ರದಲ್ಲಿ ರಕ್ತ ಹೋಗತೊಡಗಿದಾಗ ಅಮ್ಮ, ‘ಉಷ್ಣ ಆಗಿರುತ್ತೆ ಕಣೇ, ಎಳನೀರು ಕುಡಿ’ ಅಂದರು. ಉರಿ ಇಲ್ಲ, ನೋವಿಲ್ಲ. ‘ನೋವಿಲ್ಲದೆ ರಕ್ತ ಹೋದ್ರೇ ಜಾಸ್ತಿ ಹುಷಾರಾಗಿರಬೇಕು’ ಎಂದ ನಮ್ಮೂರ ಡಾಕ್ಟರು ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ಮೂತ್ರಕೋಶದ ಗೋಡೆಯಲ್ಲಿ ಮೂರು ಸೆಂಟಿಮೀಟರ್ ಗಡ್ಡೆ!

ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ಗಡ್ಡೆಯ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ‘ಸಾರ್ಕೋಮಾ ಇರಬಹುದು’ ಎಂದು ರಿಪೋರ್ಟ್ ಬಂತು. ಇಡೀ ಮೂತ್ರಕೋಶವನ್ನೇ ತೆಗೆಯಬೇಕಾದೀತು ಎಂಬ ಮಾತು ಕೇಳಿ ಭಾವ ಅಲ್ಲೇ ಕೂತುಬಿಟ್ಟರು. ಅಕ್ಕ ಮಾತ್ರ, ‘ಇರಬಹುದು ಅಂದ್ರೇನು? ಯಾವುದು ಅಂತ ಮೊದಲು ಗೊತ್ತಾಗಲಿ’ ಅಂದಳು.

ಅವಳ ಪ್ರಶ್ನೆ ಸರಿಯಾಗೇ ಇತ್ತು. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 90ರಷ್ಟು ಅದರ ಒಳಪದರದಲ್ಲಿ ಹುಟ್ಟುತ್ತವೆ. ಸ್ನಾಯು, ನಾರಿನಂಥ ಮೆದು ಅಂಗಾಂಶಗಳಲ್ಲಿ ಹುಟ್ಟುವ ಗಡ್ಡೆಗಳು ಬಲು ಅಪರೂಪ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಲಿಯೋಮಯೋಮಾ ಕ್ಯಾನ್ಸರ್ ಅಲ್ಲ, ಗರ್ಭಕೋಶದ ಫೈಬ್ರಾಯ್ಡ್ ಜಾತಿಯದು. ಗಡ್ಡೆಯಷ್ಟನ್ನೇ ತೆಗೆದರೆ ಸಾಕು. ಲಿಯೋಮಯೋಸಾರ್ಕೋಮಾ ಆದರೆ ಸುತ್ತಲಿನ ಭಾಗವನ್ನೂ, ಎಷ್ಟೋ ಸಲ ಪೂರ್ತಿ ಮೂತ್ರಕೋಶವನ್ನೂ ತೆಗೆಯಬೇಕಾಗುತ್ತದೆ. ಮಕ್ಕಳಿಗೆ ಬರುವ ರ‍್ಯಾಬ್ಡೊಮಯೋಸಾರ್ಕೋಮಾಕ್ಕೆ ಸಾಮಾನ್ಯವಾಗಿ ಮೊದಲು ಕಿಮೊಥೆರಪಿ.

ಕಷ್ಟವೆಂದರೆ, ಇವುಗಳಲ್ಲಿ ಕೆಲವು ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುತ್ತವೆ. ಆಗ ಇಮ್ಯುನೊ ಎಂಬ ವಿಶೇಷ ಬಣ್ಣದ ಪರೀಕ್ಷೆ ಬೇಕು. ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿಟ್ಟ ಬ್ಲಾಕ್‌ಗಳನ್ನು ಕೇಳಿ ಪಡೆದು, ಬೆಂಗಳೂರಿನ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿದೆವು. ಹತ್ತು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಎಎಲ್‌ಕೆ ಎಂಬ ಪ್ರೋಟೀನಿನ ಪರೀಕ್ಷೆ ಪಾಸಿಟಿವ್ ಬಂತು. ಉಳಿದ ಬಣ್ಣಗಳನ್ನೂ ಸೇರಿಸಿ ನೋಡಿದ ಅವರು ಕೊಟ್ಟ ಹೆಸರು: ಇನ್‌ಫ್ಲಮೇಟರಿ ಮಯೋಫೈಬ್ರೋಬ್ಲಾಸ್ಟಿಕ್ ಟ್ಯೂಮರ್. ಇದು ಬೇರೆ ಅಂಗಗಳಿಗೆ ಹರಡುವುದು ಅಪರೂಪ. ಆದರೆ ಮತ್ತೆ ಬೆಳೆಯಬಹುದು, ಹಾಗಾಗಿ ಪೂರ್ತಿ ತೆಗೆಯಲೇಬೇಕು.

ಗಡ್ಡೆ ಇದ್ದ ಭಾಗವನ್ನಷ್ಟೇ ಕತ್ತರಿಸಿ ಹೊಲಿದರು. ಮೂತ್ರಕೋಶ ಉಳಿಯಿತು. ಅಕ್ಕ ಈಗ ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ದುರ್ಬೀನು ಪರೀಕ್ಷೆಗೆ ಹೋಗುತ್ತಾಳೆ.

ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಹೇಳಲಾರೆ. ನಿಜಕ್ಕೂ ಸಾರ್ಕೋಮಾ ಆಗಿದ್ದರೆ ತಡ ಮಾಡುವಂತಿಲ್ಲ. ಆದರೆ ಓದುಗರೇ, ರಿಪೋರ್ಟಿನಲ್ಲಿ ‘ಇರಬಹುದು’ ಎಂದಿದ್ದರೆ ಎರಡು ಮಾತು ಕೇಳಿ: ‘ಇಮ್ಯುನೊ ಪರೀಕ್ಷೆ ಆಗಿದೆಯಾ? ಸ್ಲೈಡು, ಬ್ಲಾಕು ಇನ್ನೊಬ್ಬರಿಗೆ ತೋರಿಸಬಹುದಾ?’ ಹೀಗೆ ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.