ಶ್ವಾಸನಾಳದಲ್ಲಿ ಸಿಕ್ಕ ಮಸಿ

ಸುಟ್ಟ ಮನೆಯೊಳಗೆ ಒಂದು ಶವ ಸಿಕ್ಕಿದೆ ಎನ್ನಿ. ಬೆಂಕಿ ಹತ್ತಿದಾಗ ಆ ವ್ಯಕ್ತಿ ಬದುಕಿದ್ದರೇ, ಇಲ್ಲವೇ ಕೊಂದ ಮೇಲೆ ಸಾಕ್ಷ್ಯ ಅಳಿಸಲು ಬೆಂಕಿ ಇಟ್ಟರೇ? ಚರ್ಮವೆಲ್ಲ ಕರಕಲಾಗಿದ್ದರೂ ವೈದ್ಯರು ಶ್ವಾಸನಾಳವನ್ನು ತೆರೆದು ನೋಡುತ್ತಾರೆ. ಉಸಿರಾಡುತ್ತಿದ್ದವರು ಹೊಗೆಯನ್ನು ಒಳಗೆಳೆದುಕೊಂಡಿರುತ್ತಾರೆ. ಒಳಗೋಡೆಯ ಲೋಳೆಯಲ್ಲಿ ಕಪ್ಪು ಮಸಿ ಅಂಟಿರುತ್ತದೆ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿರುತ್ತದೆ. ಹೆಣ ಉಸಿರೆಳೆಯುವುದಿಲ್ಲ. ಹಾಗೆಂದು ಒಂದೇ ಗುರುತನ್ನು ನಂಬಿ ತೀರ್ಮಾನಿಸುವಂತಿಲ್ಲ. ಬೆಂಕಿ ಒಮ್ಮೆಲೇ ಭುಗಿಲೆದ್ದರೆ ಬದುಕಿದ್ದವರಲ್ಲೂ ಮಸಿ ಕಾಣದಿರಬಹುದು.

ಮರಣೋತ್ತರ ಪರೀಕ್ಷೆ ಎಂದೊಡನೆ ನಮ್ಮ ಜನರ ಕಣ್ಣ ಮುಂದೆ ಬರುವುದು ಚಾಕು. ಆದರೆ ಚಾಕು ಬರುವುದು ತಡವಾಗಿ. ಮೊದಲು ಪೊಲೀಸರು ಪಂಚರ ಸಮ್ಮುಖದಲ್ಲಿ ಶವ ಪಂಚನಾಮೆ ಮಾಡುತ್ತಾರೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟರೂ ವಿಚಾರಣೆ ನಡೆಸಬೇಕು. ಶವಾಗಾರದಲ್ಲಿ ಬಟ್ಟೆಯ ಹರುಕು, ಕಲೆ, ಉಗುರಿನ ಸಂದು, ಕಣ್ಣುರೆಪ್ಪೆಯ ಒಳಪದರದ ಸಣ್ಣ ರಕ್ತದ ಚುಕ್ಕೆ, ಪ್ರತಿ ಗಾಯದ ಉದ್ದಗಲ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಸತ್ತ ಮೇಲೆ ರಕ್ತ ತಗ್ಗಿನ ಕಡೆಗೆ ಇಳಿದು ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೆಲವು ತಾಸಿನ ಬಳಿಕ ಆ ಬಣ್ಣ ಅಲ್ಲಿಯೇ ನಿಲ್ಲುತ್ತದೆ. ಅಂಗಾತ ಮಲಗಿದ್ದ ಶವದ ಎದೆಯ ಮೇಲೆ ಅದು ಕಂಡರೆ, ಯಾರೋ ಹೆಣವನ್ನು ಹೊರಳಿಸಿದ್ದಾರೆ ಎಂಬ ಅನುಮಾನಕ್ಕೆ ಆಧಾರ ಸಿಕ್ಕಿತು.

ಆಮೇಲೆ ಗದ್ದದ ಕೆಳಗಿನಿಂದ ಹೊಟ್ಟೆಯ ಕೆಳಭಾಗದವರೆಗೆ ಸೀಳಿ ಎದೆ, ಹೊಟ್ಟೆಯ ಅಂಗಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ, ತೂಗುತ್ತಾರೆ. ತಲೆಯ ಸೀಳು ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಹೊಲಿದ ಮೇಲೆ ಮುಖ ಮೊದಲಿನಂತೆಯೇ ಇರುತ್ತದೆ. ಕುತ್ತಿಗೆ ಹಿಸುಕಿದ ಶಂಕೆ ಇದ್ದರೆ ಕುತ್ತಿಗೆಯನ್ನು ಕಡೆಗೆ ಬಿಡಿಸುತ್ತಾರೆ. ಮಿದುಳು ಮತ್ತು ಎದೆಯ ಅಂಗಗಳನ್ನು ತೆಗೆದಾಗ ಕುತ್ತಿಗೆಯ ರಕ್ತ ಬಸಿದುಹೋಗಿ, ಸ್ನಾಯುಗಳೊಳಗಿನ ನಿಜವಾದ ಪೆಟ್ಟು ಸ್ಪಷ್ಟವಾಗಿ ಕಾಣುತ್ತದೆ. ನೇಣಿನ ಗುರುತು ಸಾಮಾನ್ಯವಾಗಿ ಕುತ್ತಿಗೆಯ ಮೇಲ್ಭಾಗದಲ್ಲಿ ಓರೆಯಾಗಿ ಹೋಗಿ ಗಂಟಿನ ಬಳಿ ಮಾಯವಾಗುತ್ತದೆ. ಹಗ್ಗದಿಂದ ಬಿಗಿದು ಕೊಂದಲ್ಲಿ ಅದು ಕೆಳಗೆ, ಅಡ್ಡಲಾಗಿ, ಸುತ್ತಲೂ ಇರುತ್ತದೆ. ಕೊಂದು ನೇತುಹಾಕಿದ ಎಷ್ಟೋ ಪ್ರಕರಣಗಳ ಗುಟ್ಟು ಬಯಲಾಗುವುದು ಇಲ್ಲಿಯೇ.

ಅಂಗಗಳನ್ನೆಲ್ಲ ತೆಗೆದಿಟ್ಟುಕೊಳ್ಳುತ್ತಾರೆಂಬ ಭಯ ಅನೇಕ ಮನೆಗಳಲ್ಲಿದೆ. ದುಃಖದಲ್ಲಿರುವವರಿಗೆ ಬಾಗಿಲ ಹೊರಗೆ ಯಾರೂ ಏನನ್ನೂ ವಿವರಿಸದಿದ್ದರೆ ಭಯ ಹುಟ್ಟದೆ ಇನ್ನೇನಾದೀತು! ಸಾಮಾನ್ಯವಾಗಿ ಪರೀಕ್ಷೆ ಮುಗಿದ ಮೇಲೆ ಅಂಗಗಳನ್ನು ದೇಹದೊಳಗೇ ಇಟ್ಟು ಹೊಲಿಯುತ್ತಾರೆ. ವಿಷದ ಶಂಕೆಯಿದ್ದರೆ ಜಠರ ಮತ್ತು ಅದರೊಳಗಿನ ವಸ್ತು, ಕರುಳು, ಯಕೃತ್ತು, ಮೂತ್ರಪಿಂಡದ ತುಣುಕುಗಳನ್ನು ಗಟ್ಟಿ ಉಪ್ಪುನೀರಿನ ಬಾಟಲಿಗಳಲ್ಲಿ ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದೇ ಉಪ್ಪುನೀರಿನ ಮಾದರಿಯೂ ಪ್ರತ್ಯೇಕವಾಗಿ ಜೊತೆಗೆ ಹೋಗುತ್ತದೆ. ಪತ್ತೆಯಾದ ವಿಷ ಉಪ್ಪುನೀರಿನಿಂದ ಬಂದದ್ದಲ್ಲ ಎಂದು ಕೋರ್ಟಿನಲ್ಲಿ ತೋರಿಸಬೇಕಲ್ಲ.

ಕೃತಕ ಬೆಳಕಿನಲ್ಲಿ ಗಾಯದ ಬಣ್ಣ ಸರಿಯಾಗಿ ತಿಳಿಯದೆಂದು ಹಿಂದೆ ಹಗಲಲ್ಲೇ ಪರೀಕ್ಷೆ ನಡೆಯುತ್ತಿತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮಾಡಬಹುದೆಂದಿತು. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವಗಳ ಪ್ರಕರಣಗಳನ್ನು ಮಾತ್ರ ಕಾನೂನು ಸುವ್ಯವಸ್ಥೆಯ ತುರ್ತಿಲ್ಲದೆ ರಾತ್ರಿ ಮುಟ್ಟುವಂತಿಲ್ಲ. ಇದು ಸರಿಯಾದ ಎಚ್ಚರಿಕೆ.

ನಿಮ್ಮ ಮನೆಗೇ ಇಂಥ ದಿನ ಬಂದರೆ ಒಂದು ಮಾತು ನೆನಪಿರಲಿ. ವರದಿಯಲ್ಲಿ ‘ಅಂತಿಮ ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂದಿದ್ದರೆ ಪ್ರಯೋಗಾಲಯದ ಉತ್ತರ ಇನ್ನೂ ಬರಬೇಕಿದೆ ಎಂದರ್ಥ. ಪೊಲೀಸ್ ಠಾಣೆಗೆ ಮತ್ತೆ ಹೋಗಿ, ಅಂತಿಮ ವರದಿ ಬಂತೇ ಎಂದು ಕೇಳಿ.